17 ನಿಮಿಷಗಳ ಆಚೆಗಿನ ಟ್ರೌಟ್‌ಮನ್

ಬರ್ಟ್ ಟ್ರೌಟ್‌ಮನ್ ಎಂಬ ಹೆಸರನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ, ಅದನ್ನು ಬಹುಶಃ ಒಂದೇ ಕಾರಣಕ್ಕೆ ಕೇಳಿರುತ್ತೀರಿ. 1956ರ ಮೇ 5ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ, ಇಂಗ್ಲಿಷ್ ಫುಟ್‌ಬಾಲ್ ಕ್ಲಬ್‌ಗಳ ಎಫ್‌ಎ ಕಪ್ ಪಂದ್ಯಾವಳಿಯ ಫೈನಲ್ ಮುಗಿಯಲು ಇನ್ನು 17 ನಿಮಿಷಗಳಿದ್ದಾಗ ಕುತ್ತಿಗೆಯ ಮೂಳೆ ಮುರಿದುಕೊಂಡು, ಅದು ಮುರಿದಿದೆ ಎಂಬುದೇ ತಿಳಿಯದೆ ಕೊನೆಯ ಸೀಟಿಯವರೆಗೂ ಗೋಲು ಕಾಯ್ದ ಜರ್ಮನ್ ಗೋಲ್‌ಕೀಪರ್ ಅವರು. ಅದು ನಡೆದದ್ದೇ, ಉತ್ಪ್ರೇಕ್ಷೆಯಲ್ಲ. ಆದರೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತ ಬಂದುದರಿಂದ, ಅವರು ಆಟಕ್ಕೆ ಆಲೋಚನೆಯಿಂದ ಕೊಟ್ಟದ್ದು ಏನು, ಆ ಆಲೋಚನೆಯನ್ನು ಹೊತ್ತುಕೊಂಡು 1972ರಿಂದ 1988ರವರೆಗೆ ಅವರು ಯಾವ ಯಾವ ದೇಶಗಳಲ್ಲಿ ಕೋಚ್ ಆಗಿ ದುಡಿದರು ಎಂಬುದು ಮರೆಯಾಗಿದೆ. ನಾನು ಇಲ್ಲಿ ಹೆಚ್ಚಾಗಿ ಅದನ್ನೇ ಹೇಳಬೇಕೆಂದಿದ್ದೇನೆ. ಕುತ್ತಿಗೆಯ ವಿಷಯವೂ ಬರುತ್ತದೆ, ಅದನ್ನು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ ಎಂಬುದು ನನಗೆ ಗೊತ್ತು.

ಟ್ರೌಟ್‌ಮನ್ ಹುಟ್ಟಿದ್ದು 1923ರ ಅಕ್ಟೋಬರ್ 22ರಂದು, ಜರ್ಮನಿಯ ಬಂದರು ನಗರ ಬ್ರೆಮೆನ್‌ನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಅವರಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಆ ಪೀಳಿಗೆಯ ಲಕ್ಷಾಂತರ ಹುಡುಗರಂತೆ ಅವರೂ ನಾಜಿ ಬಾಲಸಂಘಟನೆಯನ್ನು ಸೇರಿದರು, ಆಮೇಲೆ ಸೈನ್ಯವನ್ನು ಸೇರಿ ಪ್ಯಾರಾಟ್ರೂಪರ್ ಆದರು. ಮೂರು ವರ್ಷ ಪೂರ್ವದ ರಣರಂಗದಲ್ಲಿ ಕಾದಾಡಿ ‘ಐರನ್ ಕ್ರಾಸ್’ ಪದಕ ಪಡೆದರು. ಯುದ್ಧದ ಕೊನೆಯ ಹಂತದಲ್ಲಿ ಪಶ್ಚಿಮದ ರಣರಂಗದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಯುದ್ಧಕೈದಿಯಾಗಿ ಇಂಗ್ಲೆಂಡಿಗೆ ಬಂದರು. ಈ ಭಾಗವನ್ನು ನಾನು ಬೇಗ ದಾಟುತ್ತಿರುವುದು ಅದು ಮುಖ್ಯವಲ್ಲವೆಂದಲ್ಲ. ಅವರು ತಮ್ಮ ಹಿನ್ನೆಲೆಯನ್ನು ಮುಚ್ಚಿಟ್ಟವರಲ್ಲ. ತನ್ನ ನಿಜವಾದ ಶಿಕ್ಷಣ ಆರಂಭವಾದದ್ದು ಇಂಗ್ಲೆಂಡಿನಲ್ಲಿ ಎಂಬ ಅರ್ಥದ ಮಾತನ್ನು ಮುಂದೆ ಹಲವು ಸಲ ಆಡಿದ್ದಾರೆ. ಪರದೇಶಕ್ಕೆ ಹೋಗಿ ಕೆಲಸ ಮಾಡುವವನಿಗೆ ಅದು ಸಣ್ಣ ಅರ್ಹತೆಯಲ್ಲ.

ಲ್ಯಾಂಕಾಷೈರ್ ಪ್ರಾಂತ್ಯದ ಆಷ್ಟನ್-ಇನ್-ಮೇಕರ್‌ಫೀಲ್ಡ್ ಎಂಬ ಊರಿನ ಕೈದಿಗಳ ಶಿಬಿರದಲ್ಲಿ ಅವರು ಫುಟ್‌ಬಾಲ್ ಆಡುತ್ತಿದ್ದರು, ಆದರೆ ಗೋಲ್‌ಕೀಪರ್ ಆಗಿ ಅಲ್ಲ. ಸ್ಥಳೀಯ ತಂಡವೊಂದರ ವಿರುದ್ಧದ ಪಂದ್ಯದಲ್ಲಿ ಪೆಟ್ಟಾಗಿ ಓಡಲಾರದೆ, ತಮ್ಮ ತಂಡದ ಗೋಲ್‌ಕೀಪರನೊಂದಿಗೆ ಸ್ಥಾನ ಬದಲಿಸಿಕೊಂಡರು. ಅಂದಿನಿಂದ ಗೋಲಿನಲ್ಲೇ ನಿಂತರು. 1948ರಲ್ಲಿ ಊರಿಗೆ ಮರಳುವ ಅವಕಾಶ ಬಂದಾಗ ಬೇಡವೆಂದು ಇಂಗ್ಲೆಂಡಿನಲ್ಲೇ ಉಳಿದು, ಹೊಲದಲ್ಲಿ ಕೂಲಿ ಮಾಡಿದರು, ಯುದ್ಧಕಾಲದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ತಂಡದಲ್ಲಿ ದುಡಿದರು, ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ಕ್ಲಬ್ಬಿಗೆ ಆಡಿದರು. ಇಲ್ಲಿ ಒಂದು ಅಂಶವನ್ನು ಗಮನಿಸಿ. ಗೋಲ್‌ಕೀಪರ್‌ಗಳಿಗೆಂದೇ ಪ್ರತ್ಯೇಕ ಕೋಚ್ ಇಡುವ ಪದ್ಧತಿ ಆಗಿನ ಇಂಗ್ಲಿಷ್ ಕ್ಲಬ್‌ಗಳಲ್ಲಿ ಇರಲಿಲ್ಲ. ಇಪ್ಪತ್ತು ದಾಟಿದ ಮೇಲೆ ಈ ಸ್ಥಾನಕ್ಕೆ ಬಂದ ಟ್ರೌಟ್‌ಮನ್ ಅದನ್ನು ತಾವೇ ನೋಡಿ, ತಾವೇ ತಿದ್ದಿಕೊಂಡು ಕಲಿತವರು. ಹುಟ್ಟಿನಿಂದ ಬಂದ ಕೌಶಲವನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವುದು ಕಷ್ಟ. ಒಂದೊಂದೇ ಹೆಜ್ಜೆ ಲೆಕ್ಕ ಹಾಕಿ ಕಲಿತದ್ದನ್ನು ಹೇಳುವುದು ಅಷ್ಟು ಕಷ್ಟವಲ್ಲ.

1949ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರನ್ನು ಸೇರಿಸಿಕೊಂಡಿತು. ಯುದ್ಧ ಮುಗಿದು ಇನ್ನೂ ನಾಲ್ಕೇ ವರ್ಷವಾಗಿತ್ತು. ಜರ್ಮನ್ ವಿಮಾನಗಳ ಬಾಂಬು ಬಿದ್ದ ಊರು ಮ್ಯಾಂಚೆಸ್ಟರ್. ದೊಡ್ಡ ಯಹೂದಿ ಸಮುದಾಯವಿದ್ದ ಊರು ಕೂಡ. ಸುಮಾರು 20,000 ಮಂದಿ ಬೀದಿಗಿಳಿದು ಪ್ರತಿಭಟಿಸಿದರು. ನಾರ್ಮಂಡಿಯಲ್ಲಿ ಜರ್ಮನರ ವಿರುದ್ಧ ಹೋರಾಡಿ ಬಂದಿದ್ದ ತಂಡದ ನಾಯಕ ಎರಿಕ್ ವೆಸ್ಟ್‌ವುಡ್, ಈ ಡ್ರೆಸಿಂಗ್ ರೂಮಿನೊಳಗೆ ಯುದ್ಧವಿಲ್ಲ ಎಂದು ಹೇಳಿ ಅವರನ್ನು ಬರಮಾಡಿಕೊಂಡರು. ನಗರದ ಯಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್ ಸ್ವತಃ ಜರ್ಮನಿಯಿಂದ ಪಾರಾಗಿ ಬಂದವರು, ನಾಜಿಗಳ ಕೈಯಲ್ಲಿ ಹೆತ್ತವರನ್ನು ಕಳೆದುಕೊಂಡವರು. ಅವರು ಬಹಿರಂಗ ಪತ್ರ ಬರೆದು, ಒಂದು ದೇಶ ಮಾಡಿದ ಪಾಪಕ್ಕೆ ಒಬ್ಬ ವ್ಯಕ್ತಿಯನ್ನು ಶಿಕ್ಷಿಸಬಾರದೆಂದು ಕೇಳಿಕೊಂಡರು. ಪ್ರತಿಭಟನೆಯ ಕಾವು ಇಳಿಯಲು ಆ ಪತ್ರ ಬಹಳ ಮಟ್ಟಿಗೆ ಕಾರಣ. ಉಳಿದದ್ದನ್ನು ಆಟ ಮಾಡಿತು. 1950ರ ಜನವರಿಯಲ್ಲಿ ಲಂಡನ್ನಿನಲ್ಲಿ ಫುಲ್ಹಮ್ ವಿರುದ್ಧ ಸಿಟಿ ಸೋತದ್ದು ಒಂದೇ ಗೋಲಿನಿಂದ. ಪಂದ್ಯ ಮುಗಿದಾಗ ಎರಡೂ ತಂಡಗಳ ಆಟಗಾರರು ಸಾಲಾಗಿ ನಿಂತು, ಮೈದಾನದಿಂದ ಹೊರಗೆ ಹೋಗುತ್ತಿದ್ದ ಟ್ರೌಟ್‌ಮನ್‌ಗೆ ಚಪ್ಪಾಳೆ ತಟ್ಟಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕಾಲದ ಇಂಗ್ಲಿಷ್ ಗೋಲ್‌ಕೀಪರ್ ಚೆಂಡು ಕೈಗೆ ಸಿಕ್ಕಿದ ಕೂಡಲೇ ಏನು ಮಾಡುತ್ತಿದ್ದ? ಬಲವಾಗಿ ಒದೆಯುತ್ತಿದ್ದ. ಎಷ್ಟು ದೂರ ಒದ್ದರೆ ಅಷ್ಟು ಮೆಚ್ಚುಗೆ. ಒದ್ದ ಚೆಂಡು ಎತ್ತರಕ್ಕೆ ಹೋಗಿ, ಮೈದಾನದ ಮಧ್ಯವನ್ನು ದಾಟಿ ಕೆಳಗಿಳಿಯುತ್ತದೆ. ಇಳಿಯುವಷ್ಟರಲ್ಲಿ ಎದುರಾಳಿಯ ಡಿಫೆಂಡರ್ ಚೆಂಡಿಗೆ ಮುಖ ಮಾಡಿ ಸಿದ್ಧನಾಗಿರುತ್ತಾನೆ, ನಮ್ಮ ಫಾರ್ವರ್ಡ್ ಬೆನ್ನು ಮಾಡಿಕೊಂಡು, ಕತ್ತೆತ್ತಿ ಕಾಯುತ್ತಿರುತ್ತಾನೆ. ಹೀಗೆ ಒದ್ದ ಚೆಂಡುಗಳಲ್ಲಿ ಬಹುಪಾಲು ಎದುರಾಳಿಗಳ ಪಾಲಾಗುತ್ತಿದ್ದವು. ಅಷ್ಟು ಕಷ್ಟಪಟ್ಟು ಹಿಡಿದ ಚೆಂಡನ್ನು ತಾನಾಗಿಯೇ ಮರಳಿ ಕೊಟ್ಟಂತೆ. ಇದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ, ಏಕೆಂದರೆ ಚೆಂಡು ನಮ್ಮ ಗೋಲಿನಿಂದ ದೂರ ಹೋಯಿತಲ್ಲ ಎಂಬುದೇ ಸಮಾಧಾನ.

ಟ್ರೌಟ್‌ಮನ್ ಬಾಲ್ಯದಲ್ಲಿ ಹ್ಯಾಂಡ್‌ಬಾಲ್ ಆಡಿ ಬೆಳೆದವರು. ಅವರ ಅಂಗೈ ದೊಡ್ಡದು, ಭುಜ ಗಟ್ಟಿ. ಚೆಂಡನ್ನು ಹಿಡಿದವರೇ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಚೆಂಡನ್ನು ಅಂಗೈಗೂ ಮುಂಗೈಗೂ ನಡುವೆ ಒತ್ತಿ ಹಿಡಿದು, ತೋಳನ್ನು ಹಿಂದಕ್ಕೆ ಚಾಚಿ, ತಲೆಯ ಮೇಲಿನಿಂದ ಬೀಸಿ ಎಸೆಯುತ್ತಿದ್ದರು. ಈ ಎಸೆತ ಎತ್ತರಕ್ಕೆ ಹೋಗುವುದಿಲ್ಲ, ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಪೆನಾಲ್ಟಿ ಆವರಣದ ಆಚೆ ಬದಿಗೆ ಸರಿದ ವಿಂಗ್ ಹಾಫ್‌ನ, ಅಂದರೆ ಬದಿಯಲ್ಲಿ ಆಡುವ ಮಧ್ಯಮೈದಾನದ ಆಟಗಾರನ ಕಾಲಿಗೆ, ಅವನು ಓಡುತ್ತಿರುವ ದಿಕ್ಕಿನಲ್ಲೇ ಹೋಗಿ ಸೇರುತ್ತದೆ. ಅವನು ನಿಲ್ಲಬೇಕಿಲ್ಲ, ತಿರುಗಬೇಕಿಲ್ಲ. ಎದುರಾಳಿಯ ಫಾರ್ವರ್ಡ್‌ಗಳು ಇನ್ನೂ ನಮ್ಮ ಗೋಲಿನ ಮುಂದೆಯೇ ಇರುವಾಗ ನಮ್ಮ ದಾಳಿ ಅವರನ್ನು ದಾಟಿ ಹೋಗಿರುತ್ತದೆ. ಇದು ಕೇವಲ ತೋಳಿನ ಬಲದ ಕೆಲಸವಲ್ಲ. ಚೆಂಡು ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂಬುದು ಗೊತ್ತಿದ್ದರೆ ಮಾತ್ರ ಈ ಎಸೆತ ಫಲಿಸುತ್ತದೆ.

ಅದೇ ಹೊತ್ತಿಗೆ ಇಂಗ್ಲಿಷ್ ಫುಟ್‌ಬಾಲ್‌ಗೆ ಒಂದು ಆಘಾತವಾಗಿತ್ತು. 1953ರ ನವೆಂಬರ್ 25ರಂದು ಹಂಗೇರಿ ತಂಡ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಎದುರಾಳಿಯ ಗೋಲಿನ ಬಳಿ ನಿಲ್ಲದೆ ಹಿಂದಕ್ಕೆ ಬಂದು ಆಡುತ್ತಿದ್ದರು. ಅವರನ್ನು ಕಾಯಬೇಕಾದ ಸೆಂಟರ್ ಹಾಫ್‌ಗೆ, ಅಂದರೆ ರಕ್ಷಣೆಯ ನಡುವಿನ ಆಟಗಾರನಿಗೆ, ಬೆನ್ನಟ್ಟಿ ಹೋಗಬೇಕೋ, ಇದ್ದಲ್ಲೇ ಇರಬೇಕೋ ತಿಳಿಯಲಿಲ್ಲ. ಹೋದರೆ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಹೋಗದಿದ್ದರೆ ಹಿಡೆಗ್‌ಕುಟಿಗೆ ತಡೆಯೇ ಇಲ್ಲ. ಈ ವಿಧಾನವನ್ನು ಸಿಟಿ 1954–55ರ ಋತುವಿನಲ್ಲಿ ತನ್ನ ಫಾರ್ವರ್ಡ್ ಡಾನ್ ರೆವಿ ಅವರನ್ನು ಮಧ್ಯದಲ್ಲಿಟ್ಟು ಅಳವಡಿಸಿಕೊಂಡಿತು. ಪತ್ರಿಕೆಗಳು ಅದಕ್ಕೆ ‘ರೆವಿ ಯೋಜನೆ’ ಎಂದು ಹೆಸರಿಟ್ಟವು. ಮೊದಲ ಪಂದ್ಯದಲ್ಲೇ ಪ್ರೆಸ್ಟನ್ ವಿರುದ್ಧ ಐದು ಗೋಲುಗಳ ಸೋಲು. ಆದರೂ ತಂಡ ಯೋಜನೆಯನ್ನು ಕೈಬಿಡಲಿಲ್ಲ.

ರೆವಿ ಯೋಜನೆ ಎಂಬ ಹೆಸರಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಹಿಂದಕ್ಕೆ ಬಂದ ರೆವಿಗೆ ಚೆಂಡು ಸಿಗಬೇಕಲ್ಲ? ಟ್ರೌಟ್‌ಮನ್ ಕೈಯಿಂದ ಎಸೆಯುವ ಚೆಂಡು ವಿಂಗ್ ಹಾಫ್ ಕೆನ್ ಬಾರ್ನ್ಸ್‌ಗೆ, ಬಾರ್ನ್ಸ್‌ನಿಂದ ರೆವಿಗೆ, ಅಲ್ಲಿಂದ ಮುಂದಕ್ಕೆ. ಗೋಲ್‌ಕೀಪರ್ ಮೊದಲಿನಂತೆ ಆಕಾಶಕ್ಕೆ ಒದ್ದಿದ್ದರೆ ಚೆಂಡು ರೆವಿಯ ತಲೆಯ ಮೇಲೆ ಹಾರಿಹೋಗಿ ಯೋಜನೆ ಕಾಗದದಲ್ಲೇ ಉಳಿಯುತ್ತಿತ್ತು. ಈಗಿನ ಪೀಳಿಗೆಯವರು ಸಿಟಿಗೇ ಆಡಿದ ಎಡರ್ಸನ್‌ರಂಥ ಗೋಲ್‌ಕೀಪರ್ ಪಾಸ್ ಮಾಡಿ ದಾಳಿ ಆರಂಭಿಸುವುದನ್ನು ನೋಡಿ ಇದು ಹೊಸ ಕಾಲದ ಶೋಧವೆಂದು ತಿಳಿಯುತ್ತಾರೆ. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬದಲಾಗಿ, ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂದು ಆದ ಮೇಲೆ ಗೋಲ್‌ಕೀಪರ್‌ನ ಕಾಲಿಗೆ ಬೆಲೆ ಬಂದದ್ದು ನಿಜ. ಆದರೆ ದಾಳಿಯ ಮೊದಲ ಆಟಗಾರ ಗೋಲ್‌ಕೀಪರ್ ಎಂಬ ತಿಳಿವಳಿಕೆ ಅದೇ ಕ್ಲಬ್ಬಿನಲ್ಲಿ 1950ರ ದಶಕದಲ್ಲೇ ಇತ್ತು. ಆಗ ಅದು ಕೈಯ ಮೂಲಕ ನಡೆಯುತ್ತಿತ್ತು, ಅಷ್ಟೇ.

ಆ 1954–55ರ ಋತುವಿನಲ್ಲಿ ಸಿಟಿ ಎಫ್‌ಎ ಕಪ್ ಫೈನಲ್ ತಲುಪಿತು. ನ್ಯೂಕಾಸಲ್ ವಿರುದ್ಧ ಮೊದಲ ನಿಮಿಷದಲ್ಲೇ ಗೋಲು ಬಿಟ್ಟುಕೊಟ್ಟು, ಆಮೇಲೆ ಜಿಮ್ಮಿ ಮೆಡೋಸ್ ಗಾಯಗೊಂಡು ಹೊರಹೋದ ಮೇಲೆ ಹತ್ತೇ ಮಂದಿ ಆಡಿ 3–1ರಿಂದ ಸೋತಿತು. ಬದಲಿ ಆಟಗಾರರನ್ನು ಇಳಿಸಲು ಆಗ ಅವಕಾಶವೇ ಇರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮರುವರ್ಷದ ಘಟನೆ ಸರಿಯಾಗಿ ಅರ್ಥವಾಗುತ್ತದೆ.

1956ರ ಫೈನಲ್‌ನಲ್ಲಿ ಸಿಟಿ ಬರ್ಮಿಂಗ್‌ಹಮ್ ವಿರುದ್ಧ 3–1ರಿಂದ ಮುಂದಿತ್ತು. ಬರ್ಮಿಂಗ್‌ಹಮ್‌ನ ಪೀಟರ್ ಮರ್ಫಿ ಚೆಂಡಿನತ್ತ ನುಗ್ಗಿದಾಗ ಟ್ರೌಟ್‌ಮನ್ ತಲೆ ಮುಂದು ಮಾಡಿ ಅವರ ಕಾಲ ಬುಡಕ್ಕೆ ಧುಮುಕಿದರು. ಅದು ಅವರ ಎಂದಿನ ಶೈಲಿ. ಚೆಂಡು ಸಿಕ್ಕಿತು, ಮರ್ಫಿಯ ಮೊಣಕಾಲು ಕುತ್ತಿಗೆಗೆ ಬಡಿಯಿತು. ಎದ್ದು ನಿಂತಾಗ ಕಣ್ಣು ಮಂಜಾಗಿತ್ತು. ಬದಲಿ ಆಟಗಾರ ಇಲ್ಲ. ಅವರು ಹೊರನಡೆದರೆ ಯಾರೋ ಡಿಫೆಂಡರ್ ಗೋಲಿಗೆ ನಿಲ್ಲಬೇಕು, ತಂಡ ಮತ್ತೆ ಹತ್ತಕ್ಕೆ ಇಳಿಯಬೇಕು, ಹಿಂದಿನ ವರ್ಷದಂತೆಯೇ. ಹಾಗಾಗಿ ಅವರು ನಿಂತರು, ಇನ್ನೂ ಕೆಲವು ಚೆಂಡುಗಳನ್ನು ತಡೆದರು. ಕೆಲವು ದಿನಗಳ ಬಳಿಕ ತೆಗೆದ ಎಕ್ಸ್‌ರೇಯಲ್ಲಿ ಕುತ್ತಿಗೆಯ ಎರಡನೆಯ ಕಶೇರು ಬಿರಿದಿರುವುದು ತಿಳಿಯಿತು. ಮೂರನೆಯದು ಅದಕ್ಕೆ ಒತ್ತಿಕೊಂಡು ನಿಂತದ್ದರಿಂದ ಜೀವ ಉಳಿದಿತ್ತು. ಜನ ಇದನ್ನು ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಅದು ಗೋಲ್‌ಕೀಪರ್‌ಗಳಿಗೆ ಯಾವ ರಕ್ಷಣೆಯನ್ನೂ ಕೊಡದಿದ್ದ ನಿಯಮಗಳ ಕಥೆಯೂ ಹೌದು. ಮರುವರ್ಷದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಗೋಲ್‌ಕೀಪರ್ ರೇ ವುಡ್ ಡಿಕ್ಕಿಯಿಂದ ಕೆನ್ನೆಯ ಮೂಳೆ ಮುರಿದುಕೊಂಡರು. ಆಗಲೂ ಬದಲಿ ಆಟಗಾರ ಇರಲಿಲ್ಲ.

ಅದೇ 1956ರಲ್ಲಿ ಅವರು ಫುಟ್‌ಬಾಲ್ ಬರಹಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಪಡೆದಿದ್ದರು. ಆ ಗೌರವ ಪಡೆದ ಮೊದಲ ಗೋಲ್‌ಕೀಪರ್ ಅವರು. ಫೈನಲ್ ಆಗಿ ಕೆಲವೇ ವಾರಗಳಲ್ಲಿ ಅವರ ಪುಟ್ಟ ಮಗ ಜಾನ್ ಕಾರು ಅಪಘಾತದಲ್ಲಿ ತೀರಿಕೊಂಡ. ಇದಕ್ಕೆ ಹೆಚ್ಚು ಮಾತು ಸೇರಿಸುವ ಅಗತ್ಯವಿಲ್ಲ. ಅವರು ಆ ವರ್ಷದ ಕೊನೆಗೆ ಮತ್ತೆ ಮೈದಾನಕ್ಕೆ ಬಂದರು. 1957–58ರ ಋತುವಿನಲ್ಲಿ ಸಿಟಿ ಲೀಗ್‌ನಲ್ಲಿ 104 ಗೋಲು ಹೊಡೆದು, 100 ಗೋಲು ಬಿಟ್ಟುಕೊಟ್ಟಿತು. ಗೋಲ್‌ಕೀಪರ್‌ನ ದೃಷ್ಟಿಯಿಂದ ಆ ಎರಡನೆಯ ಸಂಖ್ಯೆಯನ್ನು ಸ್ವಲ್ಪ ಊಹಿಸಿಕೊಳ್ಳಿ. 1964ರವರೆಗೆ ಅವರು ಸಿಟಿಗೆ 545 ಪಂದ್ಯ ಆಡಿದರು, ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಮಾತ್ರ ಒಂದೂ ಆಡಲಿಲ್ಲ. ಕೋಚ್ ಸೆಪ್ ಹೆರ್ಬರ್ಗರ್ ವಿದೇಶದಲ್ಲಿ ಆಡುವವರನ್ನು ಆರಿಸುತ್ತಿರಲಿಲ್ಲ. 1964ರ ಏಪ್ರಿಲ್ 15ರ ಬೀಳ್ಕೊಡುಗೆ ಪಂದ್ಯಕ್ಕೆ ಬಂದವರ ಅಧಿಕೃತ ಸಂಖ್ಯೆಯೇ ಸುಮಾರು 47,000. ಒಮ್ಮೆ ಬೇಡವೆಂದು ಬೀದಿಗಿಳಿದವರ ಎರಡು ಪಟ್ಟಿಗಿಂತಲೂ ಹೆಚ್ಚು.

ಇಲ್ಲಿ ಒಂದು ಸಣ್ಣ ಸುತ್ತು ಹಾಕಿ ಬರೋಣ. ಗೋಲ್‌ಕೀಪರ್ ಒಳ್ಳೆಯ ಕೋಚ್ ಆಗಬಲ್ಲನೇ? ಆಟದಲ್ಲಿ ಅವನು ಪಾಲುಗೊಳ್ಳುವುದು ಕಡಿಮೆ, ಆದ್ದರಿಂದ ಅವನಿಗೆ ಆಟ ಗೊತ್ತಿಲ್ಲ ಎಂಬುದು ಹಳೆಯ ವಾದ. ನಾನು ಇದಕ್ಕೆ ತಿರುಗುವಾದ ಹೂಡುತ್ತೇನೆ. ತೊಂಬತ್ತು ನಿಮಿಷವೂ ಇಡೀ ಮೈದಾನವನ್ನು ಮುಖಾಮುಖಿ ನೋಡುವವನು ಅವನೊಬ್ಬನೇ. ಬೆಲ್ಜಿಯಂನ ರೇಮಂಡ್ ಗುಟಾಲ್ಸ್ ಗೋಲ್‌ಕೀಪರ್ ಆಗಿದ್ದವರು. 1993ರಲ್ಲಿ ಫ್ರಾನ್ಸಿನ ಮಾರ್ಸೇಲ್ ತಂಡಕ್ಕೆ ಯುರೋಪಿನ ಚಾಂಪಿಯನ್ ಪಟ್ಟ ಗೆದ್ದುಕೊಟ್ಟಾಗ ಅವರಿಗೆ 71 ವರ್ಷ. ಇಟಲಿಯ ಡಿನೊ ಜೊಫ್ ತಮ್ಮ ದೇಶವನ್ನು 2000ದ ಯುರೋ ಫೈನಲ್‌ಗೆ ಕರೆದೊಯ್ದರು. ಪೋರ್ಚುಗಲ್‌ನ ನುನೊ ಎಸ್ಪಿರಿಟೊ ಸಾಂಟೊ ಆಟಗಾರನಾಗಿ ಬೆಂಚಿನಲ್ಲಿ ಕೂತದ್ದೇ ಹೆಚ್ಚು, ಕೋಚ್ ಆಗಿ ಸ್ಪೇನ್, ಇಂಗ್ಲೆಂಡ್, ಸೌದಿ ಅರೇಬಿಯಾ ಸುತ್ತಿದರು. ಆದರೂ ಇಂಥವರ ಸಂಖ್ಯೆ ಕಡಿಮೆ ಎಂಬುದನ್ನು ಒಪ್ಪಬೇಕು. ಒಬ್ಬಂಟಿಯಾಗಿ ಅಭ್ಯಾಸ ಮಾಡಿದವನು ಹನ್ನೊಂದು ಮಂದಿಯ ಅಭ್ಯಾಸವನ್ನು ನಡೆಸಲು ಕಲಿಯಬೇಕಾಗುತ್ತದೆ, ಅದು ಸುಲಭವಲ್ಲ.

ಟ್ರೌಟ್‌ಮನ್‌ಗೂ ಅದು ಸುಲಭವಾಗಲಿಲ್ಲ. 1965ರಲ್ಲಿ ಅವರು ಸ್ಟಾಕ್‌ಪೋರ್ಟ್ ಕೌಂಟಿಯ ಮ್ಯಾನೇಜರ್ ಆದರು. ಹಿಂದಿನ ಋತುವಿನಲ್ಲಿ ನಾಲ್ಕನೆಯ ಡಿವಿಷನ್ನಿನ ಕಟ್ಟಕಡೆಯ ಸ್ಥಾನದಲ್ಲಿದ್ದ ಕ್ಲಬ್ ಅದು. ಪಕ್ಕದಲ್ಲೇ ಮ್ಯಾಂಚೆಸ್ಟರ್‌ನ ಎರಡು ದೊಡ್ಡ ಕ್ಲಬ್‌ಗಳು. ಶನಿವಾರ ಆಡಿದರೆ ಜನ ಅಲ್ಲಿಗೆ ಹೋಗುತ್ತಾರೆ. ಹಾಗಾದರೆ ಶುಕ್ರವಾರ ಸಂಜೆ ಆಡೋಣ ಎಂದು ಪಂದ್ಯಗಳ ದಿನವನ್ನೇ ಬದಲಿಸಿದರು. ಇದು ಕೇಳಲು ಸಣ್ಣ ವಿಷಯ. ಆದರೆ ಚೆಂಡನ್ನು ಜನ ಗುಂಪುಗೂಡಿದ ಕಡೆಗೆ ಒದೆಯದೆ, ಖಾಲಿ ಜಾಗದಲ್ಲಿರುವವನಿಗೆ ಎಸೆಯುವ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. ಅಧ್ಯಕ್ಷರೊಂದಿಗೆ ಭಿನ್ನಾಭಿಪ್ರಾಯ ಬಂದು 1966ರಲ್ಲಿ ರಾಜೀನಾಮೆ ಕೊಟ್ಟರು. ಮರು ಋತುವಿನಲ್ಲಿ ಅದೇ ಕ್ಲಬ್ ನಾಲ್ಕನೆಯ ಡಿವಿಷನ್ ಗೆದ್ದಿತು. ಅದರ ಶ್ರೇಯಸ್ಸಿನಲ್ಲಿ ಅವರ ಪಾಲೆಷ್ಟು ಎಂದು ಅಳೆಯಲು ಹೊರಟರೆ ವಾದಕ್ಕೆ ಕೊನೆಯಿಲ್ಲ. ಅಲ್ಲಿಂದ ಜರ್ಮನಿಗೆ ಮರಳಿ ಪ್ರೊಯಿಸೆನ್ ಮ್ಯೂನ್‌ಸ್ಟರ್, ಆಮೇಲೆ ಓಪೆಲ್ ರ್ಯೂಸೆಲ್ಸ್‌ಹೈಮ್ ತಂಡಗಳಿಗೆ ಕೋಚ್ ಆದರು. ಹೇಳಿಕೊಳ್ಳುವಂಥ ಫಲ ಎರಡು ಕಡೆಯೂ ಸಿಗಲಿಲ್ಲ.

ಆಗ ಪಶ್ಚಿಮ ಜರ್ಮನಿಯಲ್ಲಿ ಒಂದು ವ್ಯವಸ್ಥೆ ಬೆಳೆದಿತ್ತು. ಫುಟ್‌ಬಾಲ್ ಇನ್ನೂ ಬೇರೂರಬೇಕಾದ ದೇಶಗಳಿಗೆ ಜರ್ಮನ್ ಕೋಚ್‌ಗಳನ್ನು ಕಳುಹಿಸುವುದು, ಅದನ್ನು ಅಭಿವೃದ್ಧಿ ನೆರವಿನ ಭಾಗವೆಂದು ಎಣಿಸುವುದು. ಜಪಾನಿಗೆ ಹೋಗಿದ್ದ ಡೆಟ್‌ಮರ್ ಕ್ರಾಮರ್ ಅವರ ಕೆಲಸದ ಫಲವನ್ನು ಜಗತ್ತು 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಡಿತ್ತು. ಜಪಾನ್ ಅಲ್ಲಿ ಕಂಚು ಗೆದ್ದಿತು. ರೂಡಿ ಗುಟೆನ್‌ಡಾರ್ಫ್ ಅವರಂತೂ ಖಂಡದಿಂದ ಖಂಡಕ್ಕೆ ಹಾರುತ್ತ ಜೀವನವನ್ನೇ ಕಳೆದರು. ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಕಡೆಯಿಂದ ಟ್ರೌಟ್‌ಮನ್ 1972ರಲ್ಲಿ ಮೊದಲು ಹೋದದ್ದು ಬರ್ಮಾಕ್ಕೆ, ಈಗಿನ ಮ್ಯಾನ್ಮಾರ್‌ಗೆ. ಅಲ್ಲಿ ಎರಡು ವರ್ಷ ರಾಷ್ಟ್ರೀಯ ತಂಡದ ಕೋಚ್ ಆಗಿದ್ದರು.

ಅವರ ಬಗ್ಗೆ ಬರೆಯುವವರು ಬರ್ಮಾ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದದ್ದನ್ನು ಸಲೀಸಾಗಿ ಅವರ ಖಾತೆಗೆ ಜಮಾ ಮಾಡುತ್ತಾರೆ. ನಾನು ಅಷ್ಟು ಧಾರಾಳಿಯಾಗಲಾರೆ. ಅವರು ಕಾಲಿಡುವ ಮೊದಲೇ ಬರ್ಮಾ ಏಷ್ಯಾದ ಬಲಿಷ್ಠ ತಂಡವಾಗಿತ್ತು. 1966ರ ಏಷ್ಯನ್ ಕ್ರೀಡಾಕೂಟದ ಚಿನ್ನ ಅವರದ್ದು; 1970ರಲ್ಲಿ ದಕ್ಷಿಣ ಕೊರಿಯಾದೊಂದಿಗೆ ಚಿನ್ನ ಹಂಚಿಕೊಂಡಿದ್ದರು; 1968ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ. 1960ರ ದಶಕದಲ್ಲಿ ಏಷ್ಯಾದ ಯುವ ಚಾಂಪಿಯನ್‌ಷಿಪ್ಪನ್ನು ಹಲವು ಬಾರಿ ಗೆದ್ದ ಹುಡುಗರೇ ಆಗ ಬಲಿತ ಆಟಗಾರರಾಗಿದ್ದರು. ಯುರೋಪಿನಿಂದ ಯಾರೋ ಬಂದು ಏನೂ ಇಲ್ಲದ ಕಡೆ ಎಲ್ಲವನ್ನೂ ಮಾಡಿದರು ಎನ್ನುವ ಕಥನ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅಲ್ಲಿ ಮೊದಲೇ ಇದ್ದದ್ದನ್ನು ನೋಡುವುದನ್ನೇ ಮರೆಯುತ್ತೇವೆ. ಮ್ಯೂನಿಕ್‌ನಲ್ಲಿ ಬರ್ಮಾ ಸೋವಿಯತ್ ಒಕ್ಕೂಟದ ವಿರುದ್ಧ ಒಂದು ಗೋಲಿನಿಂದ, ಮೆಕ್ಸಿಕೊ ವಿರುದ್ಧವೂ ಒಂದೇ ಗೋಲಿನಿಂದ ಸೋತು, ಸುಡಾನನ್ನು 2–0ರಿಂದ ಸೋಲಿಸಿತು. ಕಂಚು ಗೆದ್ದ ಸೋವಿಯತ್ ತಂಡಕ್ಕೆ ಒಂದಕ್ಕಿಂತ ಹೆಚ್ಚು ಗೋಲು ಕೊಡಲಿಲ್ಲವೆಂದರೆ ಆ ತಂಡದ ರಕ್ಷಣೆ ಎಷ್ಟು ಶಿಸ್ತಿನದು ಎಂದು ನೀವೇ ಯೋಚಿಸಿ.

ಬರ್ಮಾದ ನಂತರ ಟಾಂಜಾನಿಯ, ಲೈಬೀರಿಯ, ಪಾಕಿಸ್ತಾನ. ಹೀಗೆ 1988ರವರೆಗೆ. ಈ ದೇಶಗಳ ಸ್ಥಿತಿ ಬರ್ಮಾದಂತಿರಲಿಲ್ಲ. ಪಾಕಿಸ್ತಾನದಲ್ಲಿ ಹಾಕಿ ಮತ್ತು ಕ್ರಿಕೆಟ್ ಜನರ ಮನಸ್ಸನ್ನು ತುಂಬಿದ್ದವು, ಫುಟ್‌ಬಾಲ್‌ಗೆ ಉಳಿದದ್ದು ಅಂಚು ಮಾತ್ರ. ಇಂಥ ಕಡೆ ಹೋಗುವ ಕೋಚ್‌ನ ಕೆಲಸ ಕ್ಲಬ್ ಕೋಚ್‌ನ ಕೆಲಸಕ್ಕಿಂತ ಬೇರೆ. ಕ್ಲಬ್ಬಿನಲ್ಲಿ ಶನಿವಾರದ ಫಲಿತಾಂಶ ಅವನ ನೌಕರಿಯನ್ನು ನಿರ್ಧರಿಸುತ್ತದೆ. ನೆರವಿನ ಕಾರ್ಯಕ್ರಮದಲ್ಲಿ ಹೋದವನು ತಾನು ಹೊರಟ ಮೇಲೆ ಕಲಿಸಬಲ್ಲ ಸ್ಥಳೀಯರನ್ನು ತಯಾರು ಮಾಡಬೇಕು. ಅಂದರೆ ತಾನು ಬೇಡವಾಗುವಂತೆ ಕೆಲಸ ಮಾಡಬೇಕು. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಕ್ಲಬ್‌ಗಳಲ್ಲಿ ನಿಲ್ಲಲಾಗದ ಟ್ರೌಟ್‌ಮನ್ ಈ ಕೆಲಸದಲ್ಲಿ ಹದಿನಾರು ವರ್ಷ ನಿಂತರು ಎಂಬುದಕ್ಕೆ ನನ್ನ ವಿವರಣೆ ಇಷ್ಟೇ: ಯಾರೂ ಕಲಿಸದೆ ಕಲಿತವರು ಅವರು, ಸಾಧನ ಸಾಮಗ್ರಿ ಇಲ್ಲದ ಮೈದಾನ ಅವರಿಗೆ ಕೈದಿಗಳ ಶಿಬಿರದ ದಿನಗಳಿಂದಲೇ ಪರಿಚಿತ, ಮತ್ತು ತನ್ನನ್ನು ಬೇಡವೆನ್ನುವ ಊರಿಗೆ ಹೋಗಿ ಕೆಲಸ ಆರಂಭಿಸುವುದು ಹೇಗೆ ಎಂಬುದು ಅವರಿಗೆ ಮ್ಯಾಂಚೆಸ್ಟರ್‌ನಲ್ಲೇ ಗೊತ್ತಾಗಿತ್ತು. ನೀವು ಇದಕ್ಕಿಂತ ಒಳ್ಳೆಯ ವಿವರಣೆ ಕೊಟ್ಟರೆ ಒಪ್ಪಲು ಸಿದ್ಧನಿದ್ದೇನೆ.

ನಿವೃತ್ತರಾದ ಮೇಲೆ ಅವರು ಸ್ಪೇನಿನ ವೆಲೆನ್ಸಿಯ ಬಳಿ ಕಡಲ ದಂಡೆಯ ಊರಿನಲ್ಲಿ ನೆಲೆಸಿದರು. 2004ರಲ್ಲಿ ಬ್ರಿಟನ್ ಅವರಿಗೆ ‘ಒಬಿಇ’ ಗೌರವ ಕೊಟ್ಟಿತು, ಜರ್ಮನಿ–ಬ್ರಿಟನ್ ಬಾಂಧವ್ಯಕ್ಕೆ ಮಾಡಿದ ಸೇವೆಗಾಗಿ. 2013ರ ಜುಲೈ 19ರಂದು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು ಮುರಿದ ಕುತ್ತಿಗೆಯ ಬಗ್ಗೆ. ರಂಗೂನ್, ದಾರ್ ಎಸ್ ಸಲಾಮ್, ಮನ್ರೋವಿಯಾಗಳ ವರ್ಷಗಳಿಗೆ ಹೆಚ್ಚೆಂದರೆ ಒಂದೆರಡು ವಾಕ್ಯ. 1972ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಬರ್ಮಾದ ಆಟಗಾರರಿಗೆ ಈಗ ಎಪ್ಪತ್ತು ದಾಟಿದೆ. ಅವರು ಬೆಳಗಿನ ಅಭ್ಯಾಸದಲ್ಲಿ ಈ ಜರ್ಮನನಿಂದ ಏನು ಕಲಿತರು, ಏನನ್ನು ತಳ್ಳಿಹಾಕಿದರು, ಅವರ ಗೋಲ್‌ಕೀಪರ್‌ಗಳು ಚೆಂಡನ್ನು ಒದೆಯುವ ಬದಲು ಎಸೆಯತೊಡಗಿದರೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ನಿಮ್ಮಲ್ಲಿರುವ ಯುವ ಕ್ರೀಡಾ ಬರಹಗಾರರು ಕೈಗೆತ್ತಿಕೊಳ್ಳುವುದಾದರೆ, ಅದಕ್ಕೆ ಇನ್ನು ಹೆಚ್ಚು ವರ್ಷಗಳು ಉಳಿದಿಲ್ಲ.